ದೀಪ, ಫ್ಯಾನು ಮತ್ತು ಸುಮತಿಯ ನೂಲು

ಪಕ್ಕದ ಮನೆಯಲ್ಲಿ ಯಾರಾದರೂ ಕಡ್ಡಿ ಗೀರಿದರೆ ಸಾಕು, ನಾನು ತಲೆಯೆತ್ತಿ ಛಾವಣಿ ನೋಡುತ್ತೇನೆ. ಮುಂಬಯಿಯ ದಹಿಸರಿನ ನಮ್ಮ ಬಿಲ್ಡಿಂಗಿನ ಗೋಡೆಗಳು ಎಷ್ಟು ತೆಳುವೆಂದರೆ ಆಚೆಯವರ ಸ್ಟೋವು ಹೊತ್ತಿದ್ದೂ ಆರಿದ್ದೂ ನನಗೆ ಗೊತ್ತಾಗುತ್ತದೆ. ಹೀಗಾಗಿ ಈಚೆಗೆ ದಿನವಿಡೀ ಛಾವಣಿ ನೋಡುವುದೇ ಕೆಲಸ!

ಕಾರಣ ಸುಮತಿಯ ಬ್ಯಾಲೆ. ಅಲ್ಲ, ತಪ್ಪು ಹೇಳಿದೆ. ಬ್ಯಾಲೆಗೆ ಮೊದಲು ನಡೆದ ಉದ್ಘಾಟನೆ.

ಸುಮತಿ ನನ್ನ ಕಾಲೇಜಿನ ಗೆಳತಿ. ಪರೇಲಿನಲ್ಲಿ ಅವಳ ತಂದೆಯದು ಉಡುಪಿ ಹೋಟೆಲು. ಗಿರಣಿಯ ಪಾಳಿ ಬಿಟ್ಟಾಗ ಗಲ್ಲಾದ ಹಿಂದೆ ನಿಂತು, ದಣಿದವರ ನಡಿಗೆ ನೋಡುತ್ತಲೇ ಬೆಳೆದವಳು. ಭರತನಾಟ್ಯ ಕಲಿತಳು, ಬಿಟ್ಟಳು. ದೊಡ್ಡದೊಂದು ಬ್ಯಾಲೆ ತಂಡದ ಜೊತೆ ಊರೂರು ಸುತ್ತಿ ಹಿಂದಿನ ಸಾಲಿನ ಜಿಂಕೆ, ನವಿಲು, ಸಮುದ್ರದ ಅಲೆ ಎಲ್ಲ ಆದಳು. ಕೊನೆಗೆ ಅದನ್ನೂ ಬಿಟ್ಟು ಸ್ವಂತ ಬ್ಯಾಲೆ ಕಟ್ಟತೊಡಗಿದಳು. ಅವಳ ಬ್ಯಾಲೆಯಲ್ಲಿ ರಾಧೆಯಿಲ್ಲ, ಕೃಷ್ಣನಿಲ್ಲ. ಮಗ್ಗದ ಮುಂದೆ ನಿಂತವರು, ಲೋಕಲ್ ಹಿಡಿಯಲು ಓಡುವವರು ಇದ್ದಾರೆ.

ಜೊತೆಗೆ ಇನ್ನೊಂದು ಹುಚ್ಚು. ಕುಣಿಯುವ ಜಾಗವನ್ನೂ ತಾನೇ ಕಟ್ಟಬೇಕು. ಒಮ್ಮೆ ಅಪ್ಪನ ಹೋಟೆಲಿನ ಹಳೇ ಹಿತ್ತಾಳೆ ಲೋಟಗಳನ್ನೆಲ್ಲ ಗ್ಯಾಲರಿಯೊಂದರಲ್ಲಿ ತೂಗುಹಾಕಿ, ನೋಡಲು ಬಂದವರನ್ನು ಅವುಗಳ ನಡುವೆ ನಡೆಸಿದ್ದಳು. ನೃತ್ಯದವರು 'ಇದು ಚಿತ್ರಕಲೆಯವರ ವಿಷಯ' ಎಂದರು. ಚಿತ್ರಕಲೆಯವರು 'ನೃತ್ಯದವರನ್ನು ಕೇಳಿ' ಎಂದರು. ಅವಳ ಅಮ್ಮನದು ಬೇರೆಯೇ ಗೋಳು. "ಇದಕ್ಕೆ ಎಂತ ಹೇಳುದು ಮಾರಾಯ್ತಿ? ಮಗಳು ಎಂತ ಮಾಡ್ತಾಳೆ ಅಂತ ಕೇಳಿದವರಿಗೆ ನಾನು ಒಂದು ಉತ್ತರ ಕೊಡ್ಬೇಕಲ್ವಾ?"

ಈ ಸಲ ನಮ್ಮ ಉಪನಗರದ ಕನ್ನಡ ಸಂಘ ಅವಳಿಗೆ ತನ್ನ ಹಾಲ್ ಕೊಟ್ಟಿತು. ಇದು ಗೆದ್ದರೆ ಬೇರೆ ಸಂಘಗಳೂ ಕರೆಯುವುದಾಗಿ ಹೇಳಿದ್ದವು. ನಮ್ಮವರು ತನ್ನ ಕೆಲಸ ಒಮ್ಮೆ ನೋಡಲಿ ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು.

ರಂಗದ ತುಂಬ ನೂಲು! ಗಿರಣಿಯವರು ಎಸೆದ ಹತ್ತಿ ನೂಲನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ, ಮೇಲಿನಿಂದ ಮಳೆಯ ಹಾಗೆ ಇಳಿಬಿಟ್ಟಿದ್ದಳು. ಅದರ ನಡುವೆ ಹುಡುಗಿಯರ ಕುಣಿತ. ಕೊನೆಗೆ ಒಂದೇ ಹಗ್ಗ ಎಳೆದರೆ ಎಲ್ಲ ನೂಲೂ ದಢಕ್ಕನೆ ನೆಲಕ್ಕೆ. ನಾನು ರಿಹರ್ಸಲ್ಲಿನಲ್ಲೇ ನೋಡಿ ಮೈಮರೆತಿದ್ದೆ.

"ದೀಪ ಮಾತ್ರ ಸ್ಟೇಜಿನಲ್ಲಿ ಬೇಡ. ಬಾಗಿಲ ಹತ್ರ ಹಚ್ಚುವಾ" ಎಂದು ಅವಳು ಮೊದಲೇ ಕೇಳಿಕೊಂಡಳು.

ಕಾರ್ಯದರ್ಶಿ ಪಾಟೀಲರು ಧಾರವಾಡದ ಕಡೆಯವರು. ನೊಂದುಕೊಂಡೇಬಿಟ್ಟರು. "ಬಾಗಲದಾಗ ದೀಪಾ ಹಚ್ಚಾಕ ಇದೇನ್ ದೀಪಾವಳಿ ಏನ್ರಿ ಬಾಯಾರ? ಅಧ್ಯಕ್ಷರಿಗೆ ಏನ್ ಹೇಳಲಿ ನಾ?"

ಕೊನೆಗೆ ಒಪ್ಪಂದವಾಯಿತು. ದೀಪ ರಂಗದ ಮೂಲೆಯಲ್ಲಿ, ಹಚ್ಚಿದ ಕೂಡಲೇ ಒಳಗೆ ಒಯ್ಯುವುದು, ಫ್ಯಾನು ಬಂದ್.

ಆ ಸಂಜೆ ಫೋಟೋದವನು ಬಂದ. "ಸಾಬ್, ಬೀಚ್ ಮೇ ಆಯಿಯೇ, ಪೀಛೇ ಧಾಗಾ ಅಚ್ಛಾ ದಿಖ್ತಾ ಹೈ" ಎಂದು, ಹಿಂದೆ ನೂಲು ಚೆನ್ನಾಗಿ ಕಾಣುವಂತೆ ಅಧ್ಯಕ್ಷರನ್ನು ನಡುವಿಗೆ ಕರೆದ. ಕಾಲುದೀಪ ನಡುವಿಗೆ ಬಂತು. ಫೋಟೋ ಆಯಿತು. ದೀಪ ಒಳಗೆ ಹೋಯಿತೇ? ಭಾಷಣ ಮುಗಿಯದೆ ಅದನ್ನು ಅಲುಗಾಡಿಸುವುದು ಅಪಶಕುನವಂತೆ! ಅಧ್ಯಕ್ಷರು ಮೈಕಿನ ಮುಂದೆ ನಿಂತು, ಬೆವರು ಒರೆಸಿಕೊಂಡು, "ಫ್ಯಾನ್ ಹಾಕಿ ಮಾರಾಯ್ರೇ" ಎಂದರು.

ಹಾಕಿದರು.

ಗಾಳಿಗೆ ನೂಲು ಮೆಲ್ಲಗೆ ಓಲಾಡಿತು. ಮುಂದಿನ ಸಾಲಿನ ಹೆಂಗಸೊಬ್ಬಳು "ಎಷ್ಟು ಚಂದ!" ಎಂದಳು. ಒಂದು ಎಳೆ ದೀಪದ ಕಡೆ ಬಾಗಿತು, ಹೊತ್ತಿತು. ಬೆಂಕಿ ಸರ್ರನೆ ಮೇಲೇರಿತು. ಅಧ್ಯಕ್ಷರಿಗೆ ಬೆನ್ನ ಹಿಂದಿನದು ಕಾಣಲಿಲ್ಲ. ಕಲೆಯ ಮಹತ್ವದ ಬಗ್ಗೆ ಮಾತಾಡುತ್ತಲೇ ಇದ್ದರು.

ನಾವೆಲ್ಲ ಪಕ್ಕದ ಬಾಗಿಲುಗಳಿಗೆ ನುಗ್ಗಿದೆವು. ತಳ್ಳಿದೆವು, ಗುದ್ದಿದೆವು. ತೆರೆಯಲಿಲ್ಲ. ಬೀಗ! ಹಿಂದೆ ಇದ್ದದ್ದು ಒಂದೇ ಬಾಗಿಲು, ಜನ ಹಾಲ್ ತುಂಬ. ಯಾರದೋ ಮೊಣಕೈ ನನ್ನ ಕುತ್ತಿಗೆಗೆ ಒತ್ತಿತು. ನನ್ನ ಕಾಲ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. ಅದು ಬರೀ ಚೀಲವೇ ಇರಬೇಕು. ಈಗಲೂ ಹಾಗೇ ಹೇಳಿಕೊಳ್ಳುತ್ತೇನೆ.

ತಿರುಗಿ ನೋಡಿದಾಗ ಸುಮತಿ ಹಗ್ಗ ಎಳೆಯುತ್ತಿದ್ದಳು. ತಿಂಗಳುಗಟ್ಟಲೆ ಕಟ್ಟಿದ್ದೆಲ್ಲ ಉರಿಯುತ್ತ ನೆಲಕ್ಕೆ ಬಿತ್ತು. ಛಾವಣಿಗೂ ಪರದೆಗೂ ಬೆಂಕಿ ಹತ್ತಲಿಲ್ಲ. ಹುಡುಗಿಯರು ಅತಿಥಿಗಳಿಗೆ ಹಾಸಿದ್ದ ಜಮಖಾನ ಎಳೆದು ಅದರ ಮೇಲೆ ಹಾಕಿ, ಕುಡಿಯುವ ನೀರು ಸುರಿದು, ತುಳಿದು ತುಳಿದು ಆರಿಸಿದರು. ಸುಮತಿಯ ಎರಡೂ ಅಂಗೈ ಸುಟ್ಟವು. ನಾವೆಲ್ಲ ಬದುಕಿದೆವು.

ಬೀಗದ ಕೈ ಎಲ್ಲಿತ್ತು? ಹಾರದ ತಟ್ಟೆ ಹಿಡಿದು ರಂಗದ ಮೇಲಿದ್ದ ಪಾಟೀಲರ ಜೇಬಿನಲ್ಲಿ. ಕೀಲಿ ಯಾಕೆ ಹಾಕಿದ್ದಿರಿ ಎಂದು ಕೇಳಿದೆ.

"ಏನ್ ಮಾಡೂದ್ರಿ? ಭಾಷಣಾ ಸುರು ಆತಂದ್ರ ಮಂದಿ ಟ್ರೇನ್ ಅಂತಾರ, ಲೋಕಲ್ ಅಂತಾರ, ಬಾಜೂ ಬಾಗಲದಿಂದ ಜಾರ್ತಾರ. ಅಧ್ಯಕ್ಷರ ಮರ್ಯಾದಿ ಪ್ರಶ್ನೆ ನೋಡ್ರಿ."

ಕೇಳಿದಿರಾ? ನಾನು ಅಂದು ಸತ್ತಿದ್ದರೆ ಒಬ್ಬರ ಭಾಷಣದ ಮರ್ಯಾದೆಗಾಗಿ ಸಾಯುತ್ತಿದ್ದೆ!

ಸುಮತಿಯನ್ನು ನೋಡಲು ಹೋಗಿದ್ದೆ. ಕೈಗೆ ಬ್ಯಾಂಡೇಜು, ಅಮ್ಮ ಬಾಯಿಗೆ ಅನ್ನ ಇಡುತ್ತಿದ್ದರು. ಕರೆಯುತ್ತೇವೆ ಎಂದಿದ್ದ ಸಂಘಗಳೆಲ್ಲ ಒಂದೊಂದಾಗಿ 'ಮುಂದೆ ನೋಡುವಾ' ಎಂದಿವೆಯಂತೆ. "ನೂಲು ಹತ್ತಿಯದ್ದಲ್ವಾ, ಹತ್ತಿ ಉರಿಯುವುದು ನಿಮಗೆ ಗೊತ್ತಿರ್ಲಿಲ್ವಾ ಅಂತ ನನ್ನನ್ನೇ ಕೇಳ್ತಾರೆ" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಅಮ್ಮ ತುತ್ತು ಕೈಯಲ್ಲೇ ಹಿಡಿದು ಸಿಡುಕಿದರು: "ನೀನು ಹಗ್ಗ ಎಳೀದಿದ್ರೆ ಕೇಳ್ಲಿಕ್ಕೆ ಅವರು ಇರ್ತಿದ್ರಾ?"

ಮೊನ್ನೆ ಸಂಘದ ಕಾರ್ಯಕಾರಿ ಸಮಿತಿ ಸೇರಿ ಒಮ್ಮತದ ನಿರ್ಣಯ ಮಾಡಿತು. ಬ್ಯಾಲೆ ಅಪಾಯಕಾರಿ, ಇನ್ನು ಮುಂದೆ ಅದಕ್ಕೆ ಹಾಲ್ ಇಲ್ಲ.

ಜನರನ್ನು ಕೂಡಿಹಾಕಿ ಕೀಲಿ ಜಡಿಯದೆ ನಡೆಸಲಾಗದ ಭಾಷಣಗಳಿಗೆ ಮಾತ್ರ ಹಾಲ್ ಎಂದಿನಂತೆ ಖಾಲಿ ಇದೆಯಂತೆ!