ಕೆಂಪು ಕಾರಿನ ಉಸಿರು ಕೇಳುವ ಕಿವಿ ಮೇಸ್ತ್ರಿ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ತಗಡಿನ ಶೆಡ್ಡಿನೊಳಗೆ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಸ್ಪೋರ್ಟ್ಸ್ ಕಾರೊಂದು ಬಾನೆಟ್ ತೆರೆದುಕೊಂಡು ಗುರುಗುಡುತ್ತಿದೆ. ಬಣ್ಣ ಕೆಂಪು. ಪಕ್ಕದಲ್ಲಿ ಬಗ್ಗಿ ನಿಂತ ಮನುಷ್ಯ ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು ಕಣ್ಣು ಮುಚ್ಚಿದ್ದಾರೆ.

ಇವರನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದು. ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವರೇ ಒಂದು ಕ್ಷಣ ತಡವರಿಸುತ್ತಾರೆ. ಕೇಳುವ ಕೆಲಸವನ್ನೆಲ್ಲ ಸೂರ್ಯ ಮೇಲೇರುವ ಮೊದಲೇ ಮುಗಿಸಬೇಕು. ಆಮೇಲೆ ಬಸ್ಸಿನ ಹಾರ್ನು, ಪಕ್ಕದ ಗ್ರಿಲ್ ಅಂಗಡಿಯ ಸುತ್ತಿಗೆ ಶುರುವಾದರೆ ಕಾರು ಹೇಳುವುದು ಕಿವಿಗೆ ಬೀಳುವುದಿಲ್ಲ.

ಕಾರ್ಬುರೇಟರ್ ಎಂದರೆ ಪೆಟ್ರೋಲಿಗೂ ಗಾಳಿಗೂ ಮದುವೆ ಮಾಡಿಸುವ ಡಬ್ಬಿ. ಈ ಕಾರಿನಲ್ಲಿ ಅಂಥವು ಎರಡಿವೆ, ಮುಂದೊಂದು, ಹಿಂದೊಂದು. ಎರಡೂ ಒಂದೇ ಅಳತೆಯಲ್ಲಿ ಗಾಳಿ ಎಳೆಯಬೇಕು. ಏರುಪೇರಾದರೆ ಎಂಜಿನ್ ಕುಲುಕಾಡಿ, ನಿಂತಲ್ಲೇ ಸುಮ್ಮನಾಗುತ್ತದೆ. ಅದನ್ನು ಅಳೆಯಲು ಸಾಧನಗಳಿವೆ, ಮೇಸ್ತ್ರಿಯ ಕಪಾಟಿನಲ್ಲೂ ಒಂದು ಧೂಳು ತಿನ್ನುತ್ತಾ ಕೂತಿದೆ. ಅವರಿಗೆ ಪೈಪೇ ಸಾಕು.

ಇದನ್ನು ಕಲಿಸಿದ್ದು ಸೋದರಮಾವ. "ಅಂಗಳದಲ್ಲಿ ಎರಡು ನಲ್ಲಿ ಬಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಯಾವ್ದು ಜೋರು ಹೇಳು ಅಂತಿದ್ರು. ತಪ್ಪು ಹೇಳಿದ್ರೆ ತಲೆ ಮೇಲೆ ಒಂದು ಚೊಂಬು ನೀರು," ಎಂದು ನಗುತ್ತಾರೆ ಮೇಸ್ತ್ರಿ. ಆಗ ಊರಿನ ಎಲ್ಲ ಕಾರಿನಲ್ಲೂ ಕಾರ್ಬುರೇಟರ್ ಇತ್ತು. ಈಗಿನ ಕಾರುಗಳು ತಮ್ಮ ಕಾಯಿಲೆಯನ್ನು ಕಂಪ್ಯೂಟರಿಗೇ ಹೇಳಿಕೊಳ್ಳುತ್ತವೆ. ಜತೆಗಾರರೆಲ್ಲ ಬೇರೆ ದಾರಿ ಹಿಡಿದರು. ಹಳೆಯ ಕಾರು ಸಾಕಿಕೊಂಡವರು ಮಾತ್ರ ಇನ್ನೂ ಈ ಶೆಡ್ಡು ಹುಡುಕಿಕೊಂಡು ಬರುತ್ತಾರೆ.

ಕೆಂಪು ಕಾರು ಹಲ್ಲಿನ ಡಾಕ್ಟರೊಬ್ಬರದು, ಅವರಿಗದು ಅಪ್ಪನಿಂದ ಬಂದದ್ದು. ಮೇಸ್ತ್ರಿ ರಿಪೇರಿ ಮಾಡಿ ಕೊಟ್ಟ ಮೇಲೂ ಅದು ಎರಡು ಸಲ ನಟ್ಟನಡು ಸಿಗ್ನಲ್ಲಿನಲ್ಲಿ ಕೈಕೊಟ್ಟಿದೆ. "ಇನ್ನೊಂದ್ಸಲ ನಿಂತ್ರೆ ನನ್ನ ಕೈಲಾಗಲ್ಲ ಮೇಸ್ತ್ರಿಗಳೇ. ಹೋಟೆಲಿನವರೊಬ್ರು ಬಾಗಿಲಲ್ಲಿ ಅಲಂಕಾರಕ್ಕೆ ಇಡ್ತೀವಿ ಅಂತಿದ್ದಾರೆ, ಕೊಟ್ಟುಬಿಡ್ತೀನಿ," ಎಂದಿದ್ದಾರೆ ಡಾಕ್ಟರ್. ಓಡುವ ಕಾರನ್ನು ಹೂಕುಂಡದ ಪಕ್ಕ ನಿಲ್ಲಿಸುವುದೆಂದರೆ ಮೇಸ್ತ್ರಿಗೆ ಸಹಿಸಲಾಗದು. ಅದಕ್ಕಿಂತ ಹೆಚ್ಚಾಗಿ, ಅದು ತನ್ನ ಕೈಯಲ್ಲಿ ಸರಿಹೋಗದ ಕಾರು ಎಂಬ ಮಾತು ಉಳಿಯುತ್ತದೆ.

ಹಾಗಾಗಿ ಈ ಸಲ ಬುಡದಿಂದ ಹುಡುಕಿದ್ದಾರೆ. ಟ್ಯಾಂಕ್ ಇಳಿಸಿ ತೊಳೆದರು. ಪೆಟ್ರೋಲ್ ಪೈಪ್ ಊದಿದರು, ಫಿಲ್ಟರ್ ಬದಲಿಸಿದರು, ಪಂಪ್ ಬಿಚ್ಚಿ ನೋಡಿದರು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಬಿಡುವ, ಸೂಜಿಮೊನೆಯಷ್ಟು ತೂತಿನ ಜೆಟ್‌ಗಳನ್ನು ಬೆಳಕಿಗೆ ಹಿಡಿದರು. ಎಲ್ಲೂ ಕಸವಿಲ್ಲ. ಉಳಿದದ್ದು ಗಾಳಿಯ ಅಳತೆಯೊಂದೇ, ಅದನ್ನಂತೂ ಅವರು ಸಾವಿರ ಸಲ ಮಾಡಿದ್ದಾರೆ. ಕಾರಿನ ಎಡಪಕ್ಕ ನಿಂತು ಮುಂದಿನದಕ್ಕೆ ಎಡಗಿವಿ, ಹಿಂದಿನದಕ್ಕೆ ಬಲಗಿವಿ. ಕತ್ತು ತಿರುಗಿಸಿದರಾಯಿತು, ನಿಂತ ಜಾಗ ಬಿಡಬೇಕಿಲ್ಲ. ಇವತ್ತೂ ಹಿಂದಿನದು ಕ್ಷೀಣವಾಗಿ ಕೇಳುತ್ತಿದೆ. ಅದರ ಸ್ಕ್ರೂವನ್ನು ಇನ್ನಷ್ಟು ತೆರೆಯುತ್ತಾರೆ. ಎಂಜಿನ್ ಇನ್ನಷ್ಟು ಕುಲುಕಾಡುತ್ತದೆ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಡೆಸುವ ಹೆಂಡತಿ ಚಹಾ ತಂದು ಬಲಗಡೆ ನಿಲ್ಲುತ್ತಾರೆ. "ರೀ... ರೀ, ತಗೊಳ್ರೀ." ಮೇಸ್ತ್ರಿ ಅಲುಗುವುದಿಲ್ಲ. "ವರ್ಷದಿಂದ ಇದೇ ಜಾಣಕಿವುಡು ಇವರ್ದು," ಎಂದು, ಕೆಲಸ ನೋಡಲು ಬಂದ ನಮ್ಮ ಕಡೆ ತಿರುಗಿ ದೂರು ಹೇಳಿ, ಲೋಟವನ್ನು ನೇರ ಅವರ ಬಲಗೈಗೇ ತುರುಕುತ್ತಾರೆ. ಲೋಟ ಹಿಡಿಯಲು ಮೇಸ್ತ್ರಿ ಪೈಪನ್ನು ಎಡಗೈಗೆ ದಾಟಿಸುತ್ತಾರೆ. ಹಿಂದಿನ ಕಾರ್ಬುರೇಟರಿನ ಬಾಯಲ್ಲೇ ಇದ್ದ ಪೈಪಿನ ಇನ್ನೊಂದು ತುದಿ ಈಗ ಎಡಗಿವಿಗೆ ಬರುತ್ತದೆ.

ಚಹಾ ತುಟಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೇಸ್ತ್ರಿ ಪೈಪನ್ನು ಮತ್ತೆ ಬಲಗಿವಿಗೆ ತರುತ್ತಾರೆ, ಮತ್ತೆ ಎಡಗಿವಿಗೆ. ಆಮೇಲೆ ಲೋಟ ಕೆಳಗಿಟ್ಟು, "ಬಾರೇ ಇಲ್ಲಿ. ಎರಡೂ ಕೇಳಿ ಹೇಳು, ಯಾವ್ದು ಜೋರು?" ಎನ್ನುತ್ತಾರೆ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಗ್ಗುತ್ತಾರೆ. "ಹಿಂದಿಂದು. ಕುಕ್ಕರ್ ಥರ ಬುಸುಗುಡ್ತಿದೆಯಲ್ಲ! ಮುಂದಿಂದು ಏನೂ ಇಲ್ಲ." ಸ್ವಲ್ಪ ತಡೆದು, "ನಿಮಗೆ ಕೇಳಿಸ್ತಿಲ್ವಾ?" ಎನ್ನುತ್ತಾರೆ.

ಮೇಸ್ತ್ರಿ ಎಂಜಿನ್ ಆರಿಸುತ್ತಾರೆ. ಬಲಗಿವಿ ಮುಟ್ಟಿ ತೋರಿಸಿ, ಇಲ್ಲವೆಂದು ತಲೆಯಾಡಿಸುತ್ತಾರೆ. ವರ್ಷವಿಡೀ ಜಾಣಕಿವುಡು ಎಂದು ರೇಗಿದ ಹೆಂಗಸು ಈಗ ಗಂಡನ ತೋಳು ಹಿಡಿದು ನಿಂತಿದ್ದಾರೆ. ನೋಡುವವರಿಗೂ ಸಂಕಟವಾಗುತ್ತದೆ.

ಮೇಸ್ತ್ರಿ ಮತ್ತೆ ಎಂಜಿನ್ ಹಚ್ಚುತ್ತಾರೆ. ಈ ಸಲ ಎರಡಕ್ಕೂ ಎಡಗಿವಿ. ಅದಕ್ಕಾಗಿ ಜಾಗ ಬದಲಿಸಬೇಕು, ಸೊಂಟ ತಿರುಚಬೇಕು, ಹೊಸಬರಂತೆ ಎಡವಬೇಕು. ಹೆಂಡತಿ ಪೈಪ್ ಹಿಡಿದು ತಾನೂ ಕೇಳಿ, "ಇನ್ನೊಂಚೂರು... ಹಾಂ, ಸಾಕು" ಎನ್ನುತ್ತಾರೆ. ಕುಲುಕಾಟ ಇಳಿದು ಎಂಜಿನ್ ಒಂದೇ ಸಮನೆ ಹಾಡತೊಡಗುತ್ತದೆ.

ಬಿಸಿಲೇರಿದ ಮೇಲೆ ಡಾಕ್ಟರ್ ಬರುತ್ತಾರೆ. ಪೆಟ್ರೋಲಿನ ಮೇಲೋ ಹಳೆಯ ಪಂಪಿನ ಮೇಲೋ ತಪ್ಪು ಹೊರಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಕಾರಿಗೇನೂ ಆಗಿರ್ಲಿಲ್ಲ ಡಾಕ್ಟ್ರೇ. ಕೆಟ್ಟಿದ್ದು ನನ್ನ ಬಲಗಿವಿ. ಎರಡು ಸಲ ನಿಮ್ಮನ್ನ ದಾರೀಲಿ ನಿಲ್ಸಿದ್ದು ನಾನೇ," ಎನ್ನುತ್ತಾರೆ.

ಡಾಕ್ಟರ್ ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿಬರುತ್ತಾರೆ. ತಿರುವಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಕಾರು ನಿಂತಿದೆ, ಎಂಜಿನ್ ನಿಂತಿಲ್ಲ. ಮರಳಿ ಬಂದು ಕಿಟಕಿಯಿಂದ ತಲೆ ಹೊರಹಾಕಿ, "ಹೋಟೆಲಿನವರಿಗೆ ಬೇಡ ಅಂತ ಫೋನ್ ಮಾಡ್ತೀನಿ. ನೀವು ಮಾತ್ರ ಕಿವಿ ಡಾಕ್ಟರ ಹತ್ರ ಹೋಗ್ಬೇಕು, ಇವತ್ತೇ," ಎನ್ನುತ್ತಾರೆ.

ಕಾರು ಕಣ್ಮರೆಯಾದ ಮೇಲೆ ಮುಂದೇನು ಎಂದು ಕೇಳುತ್ತೇವೆ. ಮೇಸ್ತ್ರಿ ಪೈಪನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕುತ್ತಾರೆ. "ಎಡಗಿವಿ ಹೋಗೋದ್ರೊಳಗೆ ಇವಳಿಗೊಂದು ಚೂರು ಕೇಳೋದು ಕಲಿಸ್ಬೇಕು ಅಂತ ಆಸೆ."

ಹೆಂಡತಿ ತಣ್ಣಗಾದ ಚಹಾದ ಲೋಟ ಎತ್ತಿಕೊಂಡು, ಸುತ್ತು ಬಳಸಿ ಗಂಡನ ಎಡಪಕ್ಕಕ್ಕೆ ಬಂದು ನಿಲ್ಲುತ್ತಾರೆ. "ಕಲಿಸೋದೇನು ಬಂತು? ಇವತ್ತು ಸರಿಯಾಗಿ ಕೇಳಿದ್ದು ನಾನಲ್ವಾ?"

ಮೇಸ್ತ್ರಿಗೆ ಅಷ್ಟೂ ಕೇಳಿಸಿದೆ. "ಹೌದು ಕಣೇ," ಎನ್ನುತ್ತಾರೆ.