ಜೀಪಿನ ಆಯಿಲ್, ರೇಸಿನ ಎಂಜಿನ್

ಎಂಜಿನ್ ಆಯಿಲ್ ವಿಷಯಕ್ಕೆ ನೆಂಟರು ಮಾತು ಬಿಟ್ಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಮ್ಮಲ್ಲಿ ಬಿಟ್ಟಿದ್ದಾರೆ. ಒಂದು ಕಡೆ ನನ್ನ ಮಗಳು ಸಿಂಚನಾ. ಇನ್ನೊಂದು ಕಡೆ ಅವಳ ಸೋದರಮಾವ, ಅಂದರೆ ನನ್ನ ಹೆಂಡತಿಯ ಅಣ್ಣ ಶೇಖರಪ್ಪ. ನಡುವೆ ನಾನು. (ನಡುವೆ ಇರುವವನಿಗೆ ಎರಡೂ ಕಡೆಯಿಂದ ಬೈಗುಳ ಅನ್ನುವುದನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕೆ?)

ಸಿಂಚನಾ ಆಟೋಕ್ರಾಸ್ ಓಡಿಸುತ್ತಾಳೆ. ಭತ್ತ ಕೊಯ್ದು ಖಾಲಿ ಬಿದ್ದ ಗದ್ದೆಯಲ್ಲಿ ಟ್ರ್ಯಾಕ್ ಮಾಡಿ, ಧೂಳೆಬ್ಬಿಸಿಕೊಂಡು ಒಬ್ಬೊಬ್ಬರೇ ಓಡುವ ರೇಸು ಅದು. ಕಳೆದ ವರ್ಷ ಅವಳ ಹಳೇ ಕಾರು ಅರ್ಧ ದಾರಿಯಲ್ಲಿ ಟಕಟಕ ಸದ್ದು ಮಾಡಿ ನಿಂತುಬಿಟ್ಟಿತು. ಬೇರಿಂಗ್ ಸವೆದು ಎಂಜಿನ್ ಸೀಜ್!

ಅವತ್ತೇ ನನ್ನ ಹೆಂಡತಿ ಉಮಾ ಕಡ್ಡಿ ಮುರಿದ ಹಾಗೆ ಹೇಳಿದಳು. "ಇನ್ನೊಂದ್ ಸಲ ಎಂಜಿನ್ ಹೋದ್ರೆ ಕಾರೂ ಇಲ್ಲ, ರೇಸೂ ಇಲ್ಲ. ಮಾರಿ ಕೈ ತೊಳ್ಕೊಳ್ಳೋದು."

ಮಗಳು ಒಪ್ಪಿದಳು. ಬೇರೆ ದಾರಿ ಇರಲಿಲ್ಲ. ಎಂಜಿನ್ ಬಿಚ್ಚಿಸಿ ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸದಾಗಿ ಹಾಕಿಸಿದಳು. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಯಾವ ಆಯಿಲ್?

ಅಯ್ಯೋ, ಆ ಪ್ರಶ್ನೆ ಮನೆಯಿಂದ ಆಚೆ ಹೋಗಬಾರದಿತ್ತು. ನಮ್ಮ ಸೋಮವಾರಪೇಟೆಯಲ್ಲಿ ದಿನಸಿ ಅಂಗಡಿಯ ಮುಂದೆ ತೆಂಗಿನಕಾಯಿ ಆರಿಸುತ್ತಿದ್ದವರು ಕೂಡ ನನ್ನನ್ನು ನಿಲ್ಲಿಸಿ, "ದಪ್ಪ ಆಯಿಲ್ ಹಾಕ್ಸಿ ಸಾರ್, ಎಂಜಿನ್ ಬಾಳಿಕೆ ಬರುತ್ತೆ" ಎಂದರು. ಭಾವನದಂತೂ ಕೊನೇ ತೀರ್ಪು. "ನನ್ ಜೀಪು ಟ್ವೆಂಟಿ ಡಬ್ಲ್ಯು ಫಿಫ್ಟಿ ದಪ್ಪ ಆಯಿಲ್ ಬಿಟ್ರೆ ಬೇರೆ ಕುಡ್ದಿಲ್ಲ. ಗುಡ್ಡ ಹತ್ತೋವಾಗ ಒಂದ್ ಸದ್ದಿಲ್ಲ. ನೀರಿನಂಗಿರೋ ಆಯಿಲ್ ಎಂಜಿನ್ ಕಾಯುತ್ತೇನ್ರೀ?"

ಸಿಂಚನಾ ತಂದದ್ದು ಅದಕ್ಕಿಂತ ತೆಳುವಾದ ಫೈವ್ ಡಬ್ಲ್ಯು ಫಾರ್ಟಿ, ಫುಲ್ ಸಿಂಥೆಟಿಕ್. "ಮಾವ, ನಿಮ್ ಜೀಪಿನ ಎಂಜಿನ್ ಸವೆದು ಸಂದಿ ಅಗಲ ಆಗಿದೆ. ಅದಕ್ಕೆ ದಪ್ಪ ಆಯಿಲೇ ಸರಿ. ಇದು ಹೊಸ್ದು, ಸಂದಿ ಕಿರಿದು. ಚಳೀಲಿ ಸ್ಟಾರ್ಟ್ ಮಾಡ್ದಾಗ ದಪ್ಪ ಆಯಿಲ್ ನಿಧಾನಕ್ಕೆ ಹರಿಯುತ್ತೆ. ಅದು ಬೇರಿಂಗ್ ಮುಟ್ಟೋದ್ರೊಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆದಿರುತ್ತೆ. ಇದು ಬೇಗ ಹರಿಯುತ್ತೆ, ಕಾದ ಮೇಲೂ ತೀರಾ ನೀರಾಗಲ್ಲ." ಭಾವ ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ. ಎಂಥ ದಡ್ಡ ನಾನು!

ಹೋದ ಭಾನುವಾರ ಶನಿವಾರಸಂತೆ ಹತ್ತಿರ ರೇಸು. ಭಾವನೂ ತಮ್ಮ ಜೀಪಿನಲ್ಲಿ ಬಂದಿದ್ದರು. ಬೆಳಗಿನ ಚಳಿಗೆ ಬಾಯಿ ತೆರೆದರೆ ಹೊಗೆ. ಡ್ರೈವರ್‌ಗಳಿಗೆ ನಿಯಮ ಹೇಳಲು ಕರೆದರು, ಸಿಂಚನಾ ಆ ಕಡೆ ಹೋದಳು. ಕಾರು ಗದ್ದೆಯ ಬದುವಿನ ಮೇಲೆ ಒಂದು ಚಕ್ರ ಹತ್ತಿಸಿಕೊಂಡು ವಾಲಿ ನಿಂತಿತ್ತು. ಭಾವ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು, "ನೋಡಿ, ಕಮ್ಮಿ ಇದೆ!" ಎಂದರು.

ವಾಲಿದ ಕಾರಿನಲ್ಲಿ ಅಳತೆ ಸರಿ ಬರುತ್ತದೆಯೇ? ಆದರೆ ಅವರನ್ನು ಬೈದು ಏನು ಮಾಡಲಿ? ಅವರಿರುವುದು ಎಸ್ಟೇಟಿನಲ್ಲಿ, ಅಲ್ಲಿನ ಹಳೇ ಜೀಪುಗಳು ಆಯಿಲ್ ಕುಡಿಯುತ್ತವೆ. ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ ಒಂದಿಷ್ಟು ಸುರಿಯುವುದು ಅಲ್ಲಿಯವರಿಗೆ ಹಲ್ಲುಜ್ಜಿದಷ್ಟೇ ಸಹಜ. ನಾನು "ಬೇಡ ಭಾವ" ಅನ್ನುವಷ್ಟರಲ್ಲಿ ಜೀಪಿನ ಕ್ಯಾನಿನಿಂದ ಧಾರಾಳವಾಗಿ ಸುರಿದೇಬಿಟ್ಟಿದ್ದರು. (ನಿಜ ಹೇಳಬೇಕೆಂದರೆ, ಮೆಲ್ಲಗೆ ಅಂದೆ. ಹೆಂಡತಿಯ ಅಣ್ಣನಿಗೆ ಜೋರಾಗಿ ಬೇಡ ಅನ್ನುವ ಗಂಡಸನ್ನು ತೋರಿಸಿ ನೋಡೋಣ.)

ಸಿಂಚನಾ ಬಂದಳು. ಕ್ಯಾನ್ ನೋಡಿದಳು. ಮುಖ ಬಿಳಿಚಿಕೊಂಡಿತು. ಕಾರನ್ನು ಸಮತಟ್ಟಿಗೆ ತಳ್ಳಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಎಳೆದಳು. ಗುರುತು ದಾಟಿ ಎಷ್ಟೋ ಮೇಲಿತ್ತು.

"ಜಾಸ್ತಿ ಇದ್ರೆ ಒಳ್ಳೇದಲ್ವೇನೇ?" ಭಾವ ಕೇಳಿದರು.

"ಅಲ್ಲ ಮಾವ. ಎಂಜಿನ್ ಒಳಗೆ ತಿರುಗೋ ಕ್ರ್ಯಾಂಕ್ ಅದನ್ನ ಕಡೆದು ನೊರೆ ಮಾಡುತ್ತೆ. ಬೇರಿಂಗಿಗೆ ಆಯಿಲ್ ಬದ್ಲು ಗಾಳಿ ಹೋಗುತ್ತೆ. ಹೋದ್ಸಲದಂಗೇ ಆಗುತ್ತೆ."

ಅಷ್ಟರಲ್ಲಿ ಮೈಕಿನಲ್ಲಿ ಮಹಿಳೆಯರ ಕ್ಲಾಸ್, ಅಂದರೆ ಇವಳ ವಿಭಾಗ, ಕರೆದರು. ಇವಳು ಜಾಕ್ ಏರಿಸಿ ಕಾರಿನಡಿ ನುಗ್ಗಿದಳು. ಕಲ್ಲು ಬಡಿಯದಂತೆ ಕೆಳಗೆ ಹಾಕಿಸಿದ್ದ ಗಾರ್ಡ್ ಬಿಚ್ಚಬೇಕು, ಆಮೇಲೆ ಬೋಲ್ಟ್, ಆಮೇಲೆ ಆಯಿಲ್ ಇಳಿಯಬೇಕು. ಬೇಸಿನ್‌ಗೆ ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ತೊಟ್ಟು ತೊಟ್ಟಾಗಿ ಬಿತ್ತು. ಜೀವಮಾನದಲ್ಲಿ ಅಷ್ಟು ನಿಧಾನವಾದದ್ದನ್ನು ನಾನು ನೋಡಿಲ್ಲ.

ಮೈಕಿನಲ್ಲಿ ಅವಳ ಹೆಸರು ಬಂತು. ಮತ್ತೆ ಬಂತು.

"ಸಾಕು ಬಿಡೇ, ಲೆವೆಲ್ ಸರಿಯಾಯ್ತಲ್ಲ!" ಭಾವ ಕೂಗಿದರು. "ಒಂದ್ ರೌಂಡಿಗೆ ಏನೂ ಆಗಲ್ಲ. ಪ್ರೈಜ್ ಹೋಗುತ್ತೆ ಕಣೇ!"

"ಹೋಗ್ಲಿ ಮಾವ. ಒಳಗೆ ನಿಮ್ ದಪ್ಪ ಆಯಿಲ್ ಬೆರೆತಿದೆ."

ಹಾಗಂದವಳು ಕಾರಿನಡಿಯಿಂದ ಏಳಲಿಲ್ಲ. ಪೂರ್ತಿ ಇಳಿಸಿ, ತನ್ನ ಸ್ಪೇರ್ ಕ್ಯಾನ್ ಒಡೆದು ಹೊಸ ಆಯಿಲ್ ತುಂಬಿದಳು. ಸ್ಟಾರ್ಟ್ ಮಾಡಿದಳು. ಅಲ್ಲಿಗಾದರೂ ಹೊರಟಳೇ? ಇಲ್ಲ. ಆಕ್ಸಿಲರೇಟರ್ ಮುಟ್ಟದೆ, ಆಯಿಲ್ ಬಿಸಿಯೇರಲಿ ಎಂದು ಕಾದಳು. ನಾನೂ ತಡೆಯಲಾರದೆ "ಹೋಗಮ್ಮಾ!" ಎಂದು ಕಿರುಚಿದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಸ್ಟಾರ್ಟ್ ಲೈನಿಗೆ ಹೋದಾಗ ಬಾವುಟ ಹಿಡಿದಾತ ಇಲ್ಲವೆಂದು ತಲೆಯಾಡಿಸಿಬಿಟ್ಟ. ಕ್ಲಾಸ್ ಮುಗಿದಿತ್ತು.

ಇಷ್ಟು ಹಟ ಬೇಕಿತ್ತಾ? ಹೆಚ್ಚಿದ್ದಷ್ಟನ್ನು ಇಳಿಸಿ ಓಡಿಸಿದ್ದರೆ ಎಂಜಿನ್ ತಡೆಯುತ್ತಿತ್ತೋ ಏನೋ. ನನಗೆ ಗೊತ್ತಿಲ್ಲ. ಸೋಮವಾರಪೇಟೆ ತಲುಪುವವರೆಗೂ ಅವಳು ಅಳು ನುಂಗಿಕೊಂಡು ಕೂತಿದ್ದಳು.

ನಾವು ಮನೆಗೆ ಬರುವ ಮುಂಚೆಯೇ ಭಾವನ ಫೋನ್ ಬಂದಿತ್ತು. ಜನರೆದುರು ಮರ್ಯಾದೆ ತೆಗೆದಳು, ಇನ್ನು ಅವಳ ರೇಸಿಗೂ ನನಗೂ ಸಂಬಂಧವಿಲ್ಲ ಅಂತ. ಉಮಾ ಬಾಗಿಲಲ್ಲೇ ನಿಂತಿದ್ದಳು. ಕೇಳಿದ್ದು ಒಂದೇ ಮಾತು. "ಎಂಜಿನ್?"

"ಚೆನ್ನಾಗಿದೆ ಅಮ್ಮ" ಎಂದು ಮಗಳು ಒಳಗೆ ಹೋದಳು.

ಈ ಕಾರಿನ ಸಹವಾಸವೇ ಸಾಕು, ಮಾರಿಬಿಡೋಣವಾ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

"ಎಂಜಿನ್ ಉಳ್ಸೋಕೆ ರೇಸನ್ನೇ ಬಿಟ್ಟು ಬಂದೋಳಿಗೆ, ರೇಸ್ ಬಿಡು ಅಂತ ನಾನ್ ಯಾವ ಬಾಯಲ್ಲಿ ಹೇಳ್ಲಿ ರೀ?"