ಸ್ಪ್ಯಾನರಣ್ಣನಿಗೆ ಕೇಳದ ಸದ್ದು

ಮದುವೆಮನೆಗೆ ಹೋದರೂ ಜೇಬಿನಲ್ಲಿ ಹತ್ತು-ಹನ್ನೊಂದರ ಸ್ಪ್ಯಾನರ್ ಇಟ್ಟುಕೊಂಡೇ ಹೋಗುತ್ತಿದ್ದುದರಿಂದ ಆ ಮೆಕ್ಯಾನಿಕ್‌ಗೆ ಸ್ಪ್ಯಾನರಣ್ಣ ಎಂಬ ಹೆಸರು ಬಿದ್ದಿತ್ತು. ವಯಸ್ಸು ಅರವತ್ತೊಂದು. ಮನೆಯ ಮುಂದೆಯೇ ತಗಡಿನ ಶೆಡ್ಡು. ಒಳಗಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳಿಬಿಡುತ್ತಾನೆ ಎಂದು ಜನ ನಂಬಿದ್ದರು. ಆದರೆ ಎರಡು ವರ್ಷದಿಂದ ಅವನಿಗೆ ಸಣ್ಣ ಸದ್ದು, ಕೀಚಲು ಸದ್ದು ಯಾವುದೂ ಕೇಳಿಸುತ್ತಿರಲಿಲ್ಲ. ಅದರ ಬಗ್ಗೆ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಗಿಡದ ನರ್ಸರಿ ನಡೆಸುವ ಹೆಂಗಸೊಬ್ಬಳಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ ತುಳಿಯುವ ಟ್ರ್ಯಾಕ್ಟರ್ ಅವಳಿಂದಾಗದು. ಅದಕ್ಕೇ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರ್ ಇಟ್ಟಿದ್ದಳು. ಪುಟ್ಟದು. ಬಲಗಾಲಿನಿಂದ ಪೆಡಲ್ ಒತ್ತಿದರೆ ಸಾಕು, ಪಂಪು ಎಣ್ಣೆಯನ್ನು ನೂಕಿ ಚಕ್ರ ತಿರುಗಿಸುತ್ತದೆ. ಸೀಲ್ ಸೋರುತ್ತಿದೆಯೆಂದು ಸ್ಪ್ಯಾನರಣ್ಣ ಅದಕ್ಕೆ ಹೊಸ ಸೀಲ್, ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿ ಕೊಟ್ಟಿದ್ದ. ಮೂರನೇ ದಿನ ಅವಳು ವಾಪಸ್ ಬಂದಳು.

"ಅಣ್ಣಾ, ಮೊದಲು ಚೆನ್ನಾಗೇ ಓಡುತ್ತೆ. ಹತ್ತು ನಿಮಿಷ ಆದ್ಮೇಲೆ ಜಪ್ಪಯ್ಯ ಅಂದ್ರೂ ಮುಂದೆ ಹೋಗಲ್ಲ. ಏನೋ ಸದ್ದು ಬೇರೆ ಬರ್ತಿದೆ, ಕೇಳಿಸ್ತಾ?"

"ಹೂಂ, ಕೇಳಿಸ್ತು. ಬಿಟ್ಟು ಹೋಗಮ್ಮ, ನಾಳೆ ಬಾ," ಎಂದ. ಕೇಳಿಸಿರಲಿಲ್ಲ.

ಎಣ್ಣೆಯ ಮಟ್ಟ ಸರಿಯಿತ್ತು. ಪೆಡಲಿನ ರಾಡು ನೆಟ್ಟಗಿತ್ತು. ಇಂಜಿನ್ ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ನಡುಕ ತಿಳಿಯಿತೇ ಹೊರತು ಸದ್ದು ತಿಳಿಯಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ, ಪೂರ್ತಿ ಬಿಚ್ಚಿಯೇ ನೋಡೋಣವೆಂದು ಮೊದಲ ಬೋಲ್ಟಿಗೆ ಕೈ ಹಾಕಿದ.

ಚಹಾ ತಂದ ಹೆಂಡತಿ ಲೋಟವನ್ನು ಕೆಳಗಿಟ್ಟಳು. "ಸ್ಟಾರ್ಟ್ ಮಾಡ್ರೀ. ನಾನು ಕೇಳಿಸ್ಕೋತೀನಿ."

"ನೀನ್ಯಾಕೆ?"

"ನಿಮಗೆ ಕೇಳಿಸಲ್ವಲ್ಲ, ಅದಕ್ಕೆ."

ಅವನ ಕೈ ನಿಂತಿತು. "ಯಾವಾಗಿಂದ ಗೊತ್ತು ನಿಂಗೆ?"

"ಕುಕ್ಕರ್ ಐದು ಸಲ ಕೂಗಿದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಲ್ಲ, ಅವತ್ತಿಂದ. ಒಂದೂವರೆ ವರ್ಷ ಆಯ್ತು. ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ."

"ಹೇಳಿದ್ರೆ ಗಾಡಿ ಯಾರು ತರ್ತಾರೆ?"

"ಆಮೇಲೆ ನೋಡೋಣ. ಮೊದಲು ಸ್ಟಾರ್ಟ್ ಮಾಡಿ."

ಸೆರಗು ಸಿಕ್ಕಿಸಿಕೊಂಡು ಅವಳು ಸ್ಕ್ರೂಡ್ರೈವರನ್ನು ಕಿವಿಗಿಟ್ಟಳು. ಅವನು ಒಂದೊಂದೇ ಜಾಗ ತೋರಿಸುತ್ತ ಹೋದ. ಫಿಲ್ಟರಿನ ಬಳಿ ಅವಳು ಕೈಯೆತ್ತಿದಳು. ಅವನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದಳು: "ಇಲ್ಲಿ ಬೇರೆ ಥರ! ಮಕ್ಕಳು ಲೋಟದ ತಳದ ಜ್ಯೂಸನ್ನ ಸ್ಟ್ರಾದಲ್ಲಿ ಎಳೀತಾರಲ್ಲ, ಹಾಗೆ ಸೊರಸೊರ ಅಂತಿದೆ!"

ಅವನು ತಟ್ಟನೆ ಇಂಜಿನ್ ನಿಲ್ಲಿಸಿದ. ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತಿದೆ! ಅಳತೆಕಡ್ಡಿ ಎಳೆದು ನೋಡಿದರೆ, ತಣ್ಣಗಿದ್ದಾಗ ತಿಳಿಯಾಗಿದ್ದ ಎಣ್ಣೆ ಈಗ ಬೆಳ್ಳಗೆ ನೊರೆಯಾಗಿತ್ತು. ಫಿಲ್ಟರ್ ಬಿಚ್ಚಿದ. ಹಳೆಯ ಫಿಲ್ಟರಿನ ರಬ್ಬರ್ ರಿಂಗು ಫಿಲ್ಟರ್ ಕೂರುವ ಜಾಗದಲ್ಲೇ ಅಂಟಿಕೊಂಡು ಉಳಿದಿತ್ತು. ಅದನ್ನು ತೆಗೆಯದೆ ಹೊಸದನ್ನು ಬಿಗಿದಿದ್ದ. ಎರಡರ ಸಂದಿಯಿಂದ ಗಾಳಿ ನುಗ್ಗುತ್ತಿತ್ತು.

"ನನ್ನದೇ ತಪ್ಪು," ಎಂದ. ದನಿ ಇಳಿದಿತ್ತು.

"ಗುಂಡುಪಿನ್ನು ತೆಗೀದೆ ಬ್ಲೌಸ್ ಕೊಟ್ಟವಳು ನಾನು. ಚುಚ್ಚಿಸಿಕೊಂಡವರು ಈಗಲೂ ನನ್ನ ಹತ್ರಾನೇ ಹೊಲಿಸ್ತಾರೆ. ಚಹಾ ಕುಡೀರಿ."

ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಹಳೆಯ ರಿಂಗು ಕಿತ್ತು, ಆ ಜಾಗ ಒರೆಸಿ, ಫಿಲ್ಟರ್ ಮತ್ತೆ ಕೂರಿಸಿ, ಹೊಸ ಎಣ್ಣೆ ತುಂಬಿದ. ಚಕ್ರಗಳನ್ನು ನೆಲದಿಂದೆತ್ತಿ ಭದ್ರವಾಗಿ ನಿಲ್ಲಿಸಿ, ಗಾಳಿಯೆಲ್ಲ ಹೊರಹೋಗುವವರೆಗೆ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತಿರುಗಿಸಿದ. ಆಮೇಲೆ ಅರ್ಧ ಗಂಟೆ ಅಂಗಳದಲ್ಲಿ ಸುತ್ತು ಹಾಕಿದ. ಟ್ರ್ಯಾಕ್ಟರ್ ಒಮ್ಮೆಯೂ ಮುಷ್ಕರ ಹೂಡಲಿಲ್ಲ.

ಮರುದಿನ ನರ್ಸರಿಯವಳಿಗೆ ರಿಂಗಿನ ವಿಷಯ, ಹೆಂಡತಿ ಸದ್ದು ಕೇಳಿ ಅದನ್ನು ಹಿಡಿದ ವಿಷಯ ಹೇಳಿದ. "ಕೇಳಿಸ್ತು ಅಂದಿದ್ದು ಸುಳ್ಳಮ್ಮ. ನನಗೆ ಕಿವಿ ಮಂದ."

ಅವಳು ತನ್ನ ಎಡಗಾಲಿನತ್ತ ಬೆರಳು ತೋರಿಸಿದಳು. "ನಾನೂ ಕಾಲೇಜಲ್ಲಿ ಯಾರಾದ್ರೂ ಎದುರು ಬಂದ್ರೆ ನಡೆಯೋದು ನಿಲ್ಲಿಸಿ, ಫೋನ್ ನೋಡೋ ಹಾಗೆ ನಿಂತುಬಿಡ್ತಿದ್ದೆ ಅಣ್ಣಾ. ಮುಚ್ಚಿಡೋದ್ರಲ್ಲೇ ಸುಸ್ತಾಗಿಹೋಗುತ್ತೆ." ಟ್ರ್ಯಾಕ್ಟರ್ ಹತ್ತುತ್ತ ಅಂದಳು: "ಇನ್ಮೇಲೂ ಇಲ್ಲಿಗೇ ತರ್ತೀನಿ. ಅಕ್ಕ ಮನೇಲಿದ್ದಾರಾ ಅಂತ ಕೇಳ್ಕೊಂಡು ಬರ್ತೀನಿ, ಅಷ್ಟೇ."

ಮುಂದಿನ ವಾರ ಗಂಡಹೆಂಡತಿ ಕಿವಿ ಡಾಕ್ಟರ ಬಳಿ ಹೋದರು. ಕಿವಿಗೆ ಯಂತ್ರ ಹಾಕಿಸಿಕೊಂಡು ಹೊರಬಂದ ಸ್ಪ್ಯಾನರಣ್ಣ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ತಟಕ್ಕನೆ ನಿಂತ.

"ಏನಾಯ್ತ್ರೀ?"

"ನಿನ್ನ ಚಪ್ಪಲಿ ಕಿರುಗುಟ್ಟುತ್ತೆ. ಎಷ್ಟು ದಿನದಿಂದ?"

"ಅಯ್ಯೋ, ತಗೊಂಡಾಗಿಂದ," ಎಂದು ಅವಳು ನಗತೊಡಗಿದಳು. ಅವನು ಅವಳಿಗಿಂತ ಒಂದು ಹೆಜ್ಜೆ ಹಿಂದೆ, ಆ ಸದ್ದನ್ನು ಕೇಳುತ್ತಲೇ ಬಸ್ ಸ್ಟಾಪಿನವರೆಗೂ ನಡೆದ.